ಪರ್ಸಿಗೆ, ಬೆಲ್ಟಿಗೆ, ಬ್ಯಾಗಿಗೆ: ಯಾವ ಚರ್ಮ ತರೋದು?

ಹೊಸೂರಿನಲ್ಲಿರುವ ನಮಗೆ ಒಂದು ಅನುಕೂಲ ಇದೆ. ಬೆಳಗ್ಗೆ ಬಸ್ಸು ಹತ್ತಿ ಕೃಷ್ಣಗಿರಿ, ವಾಣಿಯಂಬಾಡಿ ದಾಟಿದರೆ ಆಂಬೂರು. ಇನ್ನೂ ಮುಂದೆ ಹೋದರೆ ರಾಣಿಪೇಟೆ. ಆ ದಾರಿಯ ಉದ್ದಕ್ಕೂ ಚರ್ಮ ಹದ ಮಾಡುವ ಊರುಗಳೇ. ಬೇರೆ ಕಡೆಯವರು ಫೋಟೋ ನೋಡಿ ಕೊರಿಯರ್‌ನಲ್ಲಿ ತರಿಸಿಕೊಳ್ಳುವುದನ್ನು ನಾವು ಮುಟ್ಟಿ, ಮೂಸಿ, ಮಡಚಿ ನೋಡಿ ತರಬಹುದು.

ತೊಂದರೆ ಶುರುವಾಗುವುದೂ ಅಲ್ಲೇ. ಅಂಗಡಿಯೊಳಗೆ ಸುರುಳಿಗಳು ಸೂರಿನ ತನಕ ಪೇರಿಸಿರುತ್ತವೆ. ಅಂಗಡಿಯ ಭಾಯ್ ಒಂದೊಂದೇ ಎಳೆದು ಮೇಜಿನ ಮೇಲೆ ಹಾಸುತ್ತಾರೆ. ವೆಜ್ ಟ್ಯಾನ್, ಕ್ರೋಮ್, ಪುಲ್ ಅಪ್, ಮೇಕೆ, ಎಮ್ಮೆ, ಸ್ಪ್ಲಿಟ್. ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಈಗ ನನಗೆ ತಿಂಗಳಿಗೆ ಮೂರು ನಾಲ್ಕು ಮಂದಿಯಾದರೂ ಅಂಗಡಿಯಿಂದಲೇ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ "ಇದರಲ್ಲಿ ಯಾವುದು ಒಳ್ಳೇದು ಸಾರ್?" ಅಂತ ಕೇಳುತ್ತಾರೆ. ನಾನು "ಯಾತಕ್ಕೆ?" ಅಂತ ಕೇಳಿದರೆ, "ಸುಮ್ನೆ, ಏನಾದ್ರೂ ಹೊಲಿಯೋಣ ಅಂತ" ಅನ್ನುತ್ತಾರೆ. ಹಾಗೆ ತಂದ ಚರ್ಮ ಬೀರುವಿನ ಮೇಲೆ ವರ್ಷಗಟ್ಟಲೆ ಮಲಗಿರುತ್ತದೆ. ನನ್ನ ಮನೆಯಲ್ಲೂ ಅಂಥದ್ದು ಎರಡು ಸುರುಳಿ ಇವೆ.

ಕಾರ್ಖಾನೆ ಕೆಲಸ ಮುಗಿಸಿ ಸಂಜೆ ಹೊತ್ತು ಹೊಲಿಯುವವನು ನಾನು. ಕಸುಬು ಕಲಿತದ್ದು ನಮ್ಮ ಬಸ್ ನಿಲ್ದಾಣದ ಹತ್ತಿರ ಕೂರುವ ಒಬ್ಬ ಚಪ್ಪಲಿ ಹೊಲಿಯುವ ಅಣ್ಣನ ಹತ್ತಿರ. ನನಗೆ ಇದು ಹವ್ಯಾಸ, ಅವರಿಗೆ ತಲೆತಲಾಂತರದಿಂದ ಬಂದ ಹೊಟ್ಟೆಪಾಡು. ಇದೇ ಕೆಲಸಕ್ಕೆ ಅವರ ಅಪ್ಪ, ತಾತ ಊರಾಚೆ ಕೂರಬೇಕಾಯಿತು. ನಾನು ಮಾಡಿದರೆ "ಹ್ಯಾಂಡ್‌ಮೇಡ್" ಅಂತ ಹೊಗಳುತ್ತಾರೆ. ಇದನ್ನು ಮರೆತು ಚರ್ಮದ ಬಗ್ಗೆ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೆಯದು ದಪ್ಪ. ಬೆಲ್ಟಿಗೆ 3ರಿಂದ 4 ಮಿ.ಮೀ. ಬೇಕು. ಬ್ಯಾಗಿಗೆ 1.2ರಿಂದ 2 ಸಾಕು. ಪರ್ಸಿಗೆ 1 ಮಿ.ಮೀ. ಒಳಗೇ ಇದ್ದರೆ ಒಳ್ಳೆಯದು. ಪರ್ಸಿನ ಲೆಕ್ಕ ನೋಡಿ: ಒಂದು ಮಗ್ಗುಲಿಗೆ ಹೊರಪದರ, ಒಳಪದರ, ಮೂರು ಕಾರ್ಡ್ ಜೇಬು ಅಂದರೆ ಐದು ಪದರ. ಮಡಚಿದಾಗ ಹತ್ತು. 1.5 ಮಿ.ಮೀ. ಚರ್ಮದಲ್ಲಿ ಮಾಡಿದರೆ ಕಾರ್ಡು, ನೋಟು ಇಡುವ ಮೊದಲೇ ಒಂದೂವರೆ ಸೆಂ.ಮೀ. ದಪ್ಪ. 0.8ರಲ್ಲಿ ಮಾಡಿದರೆ 8 ಮಿ.ಮೀ. ನನ್ನ ಮೊದಲ ಪರ್ಸ್ ಜೇಬಿನಲ್ಲಿಟ್ಟುಕೊಂಡು ಕೂತರೆ ಒಂದು ಕಡೆ ವಾಲುತ್ತಿದ್ದೆ.

ಎರಡನೆಯದು ನೀರು, ಬೆವರು. ಬೈಕಿನಲ್ಲಿ ಓಡಾಡುವವರ ಬ್ಯಾಗಿಗೂ ಕಾರಿನಲ್ಲಿ ಓಡಾಡುವವರ ಬ್ಯಾಗಿಗೂ ಒಂದೇ ಚರ್ಮ ಆಗುವುದಿಲ್ಲ.

ಮೂರನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ, ನನ್ನ ಮಟ್ಟಿಗೆ ಅದೇ ದೊಡ್ಡದು: ಐದು ವರ್ಷ ಆದಮೇಲೆ ಅದು ಹೇಗೆ ಕಾಣಬೇಕು? ಕೊಂಡ ದಿನದ ಹಾಗೇ ಇರಬೇಕೋ, ಬಳಸಿ ಬಳಸಿ ಬಣ್ಣ ತಿರುಗಿ ನಿಮ್ಮದೇ ಆಗಬೇಕೋ? ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ಮುಗಿಯಿತು.

ನಾಲ್ಕನೆಯದು ದುಡ್ಡು. ಚರ್ಮವನ್ನು ಚದರ ಅಡಿ ಲೆಕ್ಕದಲ್ಲಿ ಮಾರುತ್ತಾರೆ, ಆದರೆ ಅದು ಬಟ್ಟೆಯ ಥಾನಿನ ಹಾಗೆ ನೇರ ಅಂಚಿನದ್ದಲ್ಲ. ಕಾಲು, ಕುತ್ತಿಗೆ, ಹೊಟ್ಟೆ ಎಲ್ಲ ಸೇರಿದ ಸೊಟ್ಟ ಆಕಾರ. ಕಾಲು ಭಾಗ ಚೂರಾಗಿ ಹೋಗುತ್ತದೆ ಅಂತ ಮೊದಲೇ ಇಟ್ಟುಕೊಳ್ಳಿ.

ಯಾವ ಪ್ರಾಣಿಯದ್ದು ಅನ್ನುವುದೂ ಕೆಲವರಿಗೆ ಮುಖ್ಯ. ಹಸುವಿನದ್ದು ಬೇಡ ಅನ್ನುವವರು ಬಾಯಿಬಿಟ್ಟು ಕೇಳಿ. ಎಮ್ಮೆ, ಮೇಕೆ ಬೇರೆ ಬೇರೆಯಾಗಿಯೇ ಇಟ್ಟಿರುತ್ತಾರೆ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ತೊಗಟೆಯಲ್ಲಿ ಹದವಾದದ್ದು

ಅಂಗಡಿಯಲ್ಲಿ ವೆಜ್ ಟ್ಯಾನ್ ಅನ್ನುತ್ತಾರೆ. ಒಬ್ಬರು ಇದನ್ನು ಸಸ್ಯಾಹಾರಿ ಚರ್ಮ ಅಂದುಕೊಂಡು ಮನೆಗೆ ತಂದು ಅತ್ತೆಯ ಹತ್ತಿರ ಬೈಸಿಕೊಂಡರು. ಅಲ್ಲ. ಪ್ರಾಣಿಯ ಚರ್ಮವೇ, ಹದ ಮಾಡಿದ್ದು ಮಾತ್ರ ಗಿಡಮರದ ತೊಗಟೆ, ಕಾಯಿಗಳಿಂದ. ನಮ್ಮ ಕಡೆ ರಸ್ತೆ ಪಕ್ಕ ಹಳದಿ ಹೂ ಬಿಡುವ ತಂಗಡಿ ಗಿಡ ಇದೆಯಲ್ಲ, ತಮಿಳಿನಲ್ಲಿ ಆವಾರಂ ಅನ್ನುತ್ತಾರೆ, ಅದರ ತೊಗಟೆ. ಜಾಲಿ ತೊಗಟೆ. ಅಣಲೆಕಾಯಿ. ಇವುಗಳಲ್ಲಿರುವ ಒಗರು ಚರ್ಮದ ನಾರಿಗೆ ಹಿಡಿದುಕೊಂಡು ಅದು ಕೊಳೆಯದ ಹಾಗೆ ಮಾಡುತ್ತದೆ. ಎಳೆ ಬಾಳೆಕಾಯಿ ಕಚ್ಚಿದರೆ ನಾಲಿಗೆ ಬಿಗಿದುಕೊಳ್ಳುತ್ತದಲ್ವಾ, ಅದೇ ಗುಣ. ತೊಗಟೆ ನೀರಿನಲ್ಲಿ ವಾರಗಟ್ಟಲೆ ಬಿಟ್ಟು ಮಾಡುವ ಕೆಲಸ ಇದು.

ಈ ಚರ್ಮ ಹೊಸದಿದ್ದಾಗ ಗೋಧಿ ರೊಟ್ಟಿಯ ಬಣ್ಣ. ಬಿಗಿ. ಮಡಚಿದರೆ ಮಡಿಕೆ ನಿಲ್ಲುತ್ತದೆ. ಒದ್ದೆ ಮಾಡಿ ಒತ್ತಿದರೆ ಒತ್ತಿದ ಆಕಾರ ಒಣಗಿದ ಮೇಲೂ ಹಾಗೇ ಉಳಿಯುತ್ತದೆ. ಹೆಸರು ಕೆತ್ತಬೇಕು, ಹೂಬಳ್ಳಿ ಒತ್ತಬೇಕು ಅನ್ನುವವರಿಗೆ ಇದು ಬಿಟ್ಟು ಬೇರೆ ದಾರಿಯೇ ಇಲ್ಲ. ಅಂಚಿನ ವಿಷಯದಲ್ಲೂ ಅಷ್ಟೇ. ಕತ್ತರಿಸಿದ ಅಂಚಿಗೆ ಸ್ವಲ್ಪ ನೀರು ಸವರಿ, ಹಳೆಯ ಜೀನ್ಸ್ ತುಂಡಿನಿಂದ ತಿಕ್ಕಿ. ಮೊದಲ ನಿಮಿಷ ಏನೂ ಆಗುವುದಿಲ್ಲ. ನಾರು ನಾರಾಗಿ ಎದ್ದು ನಿಂತಿರುತ್ತದೆ. ಎರಡನೇ ನಿಮಿಷಕ್ಕೆ ಬಟ್ಟೆ ಜಾರಲು ಶುರುವಾಗುತ್ತದೆ. ಆಮೇಲೆ ಜೇನುಮೇಣ ಸವರಿ ಇನ್ನೊಮ್ಮೆ ತಿಕ್ಕಿದರೆ ಅಂಚು ಹುಣಸೆಬೀಜದ ಹಾಗೆ ಗಟ್ಟಿಯಾಗಿ ಹೊಳೆಯುತ್ತದೆ. ಮಷೀನು ಬೇಡ, ಬಣ್ಣ ಬೇಡ.

ಬಿಸಿಲು, ಬೆವರು, ಕೈಯ ಜಿಡ್ಡು ತಾಗುತ್ತಾ ಹೋದಂತೆ ಬಣ್ಣ ತಿರುಗುತ್ತದೆ. ಮೊದಲು ಜೇನು, ಆಮೇಲೆ ಹಳೇ ಬೆಲ್ಲ. ಎರಡು ಮೂರು ವರ್ಷ ಬಳಸಿದ ಬೆಲ್ಟನ್ನು ಬಿಚ್ಚಿ ನೋಡಿ, ದಿನಾ ಬಕಲ್ ಕೂರುವ ತೂತಿನ ಹತ್ತಿರ ಒಂದು ಬಣ್ಣ, ಒಳಗೆ ಮುಚ್ಚಿಕೊಂಡಿದ್ದ ಕಡೆ ಇನ್ನೊಂದು. ಹೊಟ್ಟೆ ಬೆಳೆದ ಲೆಕ್ಕವೂ ಅದರಲ್ಲೇ ಸಿಗುತ್ತದೆ.

ಈಗ ಕಷ್ಟಗಳು. ಮಳೆಹನಿ ಬಿದ್ದರೆ ಚುಕ್ಕಿ ಚುಕ್ಕಿ ಕಲೆ. ಒದ್ದೆಯಾದದ್ದನ್ನು ಬಿಸಿಲಿಗೆ, ಬಿಸಿಗೆ ಹಿಡಿದರೆ ಸೆಟೆದುಕೊಂಡು ಒಡೆಯುತ್ತದೆ. ಎಣ್ಣೆ ಬಿದ್ದರೆ ಹೋಗುವುದಿಲ್ಲ. ಕಬ್ಬಿಣ ಅಂತೂ ಇದಕ್ಕೆ ಶತ್ರು. ಒಮ್ಮೆ ಒದ್ದೆ ಚರ್ಮದ ಮೇಲೆ ಕಬ್ಬಿಣದ ಕತ್ತರಿ ಇಟ್ಟು ಊಟಕ್ಕೆ ಹೋಗಿದ್ದೆ. ವಾಪಸ್ ಬಂದಾಗ ಕತ್ತರಿಯ ನೆರಳೇ ಅಚ್ಚಾದ ಹಾಗೆ ಕಪ್ಪು ಗುರುತು. ಹಿಂದಿನವರು ಅಣಲೆಕಾಯಿ ರಸಕ್ಕೆ ಅನ್ನಭೇದಿ ಅನ್ನುವ ಕಬ್ಬಿಣದ ಉಪ್ಪು ಹಾಕಿ ಮಸಿ ಮಾಡುತ್ತಿದ್ದರಲ್ಲ, ಆ ಮಸಿ ನನ್ನ ಬ್ಯಾಗಿನ ಮೇಲೆ ತಾನೇ ತಯಾರಾಗಿತ್ತು. ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು, ಅಷ್ಟೇ ವಿಷಯ. ಅದಕ್ಕೇ ಇದಕ್ಕೆ ಹಿತ್ತಾಳೆ ಬಕಲ್, ಹಿತ್ತಾಳೆ ರಿವೆಟ್ ಹಾಕಬೇಕು. ಖರ್ಚಿನಲ್ಲಿ ಅದನ್ನೂ ಸೇರಿಸಿಕೊಳ್ಳಿ.

ತಮಿಳುನಾಡಿನಲ್ಲಿ ಇದರದ್ದೇ ಒಂದು ತೆಳು ಬಗೆ ಸಿಗುತ್ತದೆ, ಈಸ್ಟ್ ಇಂಡಿಯಾ ಲೆದರ್ ಅಂತ, ಚಿಕ್ಕದಾಗಿ ಇ.ಐ. ಈರೋಡು, ದಿಂಡಿಗಲ್, ತಿರುಚಿ ಕಡೆಯ ಹಳೇ ಕಸುಬು. ಕಂಪನಿ ಕಾಲದಿಂದ ಹಡಗಿನಲ್ಲಿ ಹೊರದೇಶಕ್ಕೆ ಹೋಗುತ್ತಿದ್ದದ್ದರಿಂದ ಆ ಹೆಸರು. ಹಸುವಿನದ್ದೂ ಇರುತ್ತದೆ, ಮೇಕೆಯದ್ದೂ ಇರುತ್ತದೆ. ಪರ್ಸಿಗೆ, ಪುಸ್ತಕದ ರಟ್ಟಿಗೆ ಹೇಳಿ ಮಾಡಿಸಿದ ಹಾಗೆ. ಒಂದು ಎಚ್ಚರ: ಇದನ್ನೇ ಮತ್ತೆ ಕ್ರೋಮಿನಲ್ಲಿ ಹದ ಮಾಡಿ ಸೆಮಿ ಕ್ರೋಮ್ ಅಂತಲೂ ಮಾರುತ್ತಾರೆ. ಅದು ಮೆತ್ತಗಿರುತ್ತದೆ, ಕೆಟ್ಟದ್ದೇನೂ ಅಲ್ಲ, ಆದರೆ ಅಂಚು ಅಷ್ಟು ಚೆನ್ನಾಗಿ ಹೊಳೆಯುವುದಿಲ್ಲ.

ದಪ್ಪ ತೊಗಟೆ ಚರ್ಮದ ಗುಣ ಗೊತ್ತಾಗಬೇಕಾದರೆ ಕೊಲ್ಹಾಪುರಿ ಚಪ್ಪಲಿ ಹಾಕಿ ನೋಡಿ. ಮೊದಲ ವಾರ ಕಚ್ಚುತ್ತದೆ, ಆಮೇಲೆ ನಿಮ್ಮ ಹೆಜ್ಜೆಯ ಅಚ್ಚೇ ಅದರಲ್ಲಿ ಬೀಳುತ್ತದೆ. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು (ಜಿಐ ಟ್ಯಾಗ್) ಎಂಟು ಜಿಲ್ಲೆಗಳದ್ದು. ಅದರಲ್ಲಿ ನಾಲ್ಕು ಕರ್ನಾಟಕದವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದ್ದೇ ಚಪ್ಪಲಿಯನ್ನು ಮಿಲಾನಿನ ಶೋನಲ್ಲಿ ತೋರಿಸಿ, ಎಲ್ಲಿಯದ್ದು ಅಂತ ಹೇಳದೆ ಗಲಾಟೆ ಆಯಿತಲ್ಲ. ಆಗ ಎಲ್ಲರೂ ಮಹಾರಾಷ್ಟ್ರದ ಹೆಸರೇ ಹೇಳುತ್ತಿದ್ದರು, ನನಗೆ ಸ್ವಲ್ಪ ಹೊಟ್ಟೆ ಉರಿಯಿತು.

ಕ್ರೋಮ್

ಜಗತ್ತಿನಲ್ಲಿ ತಯಾರಾಗುವ ಚರ್ಮದಲ್ಲಿ ಬಹುಪಾಲು ಇದೇ. ನಿಮ್ಮ ಕಾಲಿನ ಶೂ, ಸೋಫಾ, ಜಾಕೆಟ್ಟು ಎಲ್ಲ ಇದೇ ಇರಬೇಕು. ಕ್ರೋಮಿಯಂ ಉಪ್ಪಿನಲ್ಲಿ ತಿರುಗುವ ಡ್ರಮ್ಮಿನೊಳಗೆ ಹದ ಮಾಡುತ್ತಾರೆ. ವಾರಗಟ್ಟಲೆ ಆಗುತ್ತಿದ್ದ ಕೆಲಸ ಒಂದು ದಿನದಲ್ಲಿ ಮುಗಿಯುತ್ತದೆ. ಹೊರಬಂದಾಗ ಚರ್ಮ ತಿಳಿನೀಲಿ, ಅದಕ್ಕೇ ಅದನ್ನು ವೆಟ್ ಬ್ಲೂ ಅನ್ನುವುದು. ಆಮೇಲೆ ಬೇಕಾದ ಬಣ್ಣ ಕೊಡುತ್ತಾರೆ.

ಮೆತ್ತಗೆ, ಹಗುರ, ಬಣ್ಣ ಬೇಕಾದಷ್ಟು. ನೀರಿಗೆ ಅಷ್ಟು ಬೇಗ ಹೆದರುವುದಿಲ್ಲ. ಬೆಲೆಯೂ ಸಾಮಾನ್ಯವಾಗಿ ತೊಗಟೆ ಚರ್ಮಕ್ಕಿಂತ ಕಡಿಮೆ. ಐದು ವರ್ಷ ಆದರೂ ಹೆಚ್ಚು ಕಡಿಮೆ ಕೊಂಡ ದಿನದ ಬಣ್ಣವೇ ಇರುತ್ತದೆ. ಕೆಲವರಿಗೆ ಅದೇ ಬೇಕು, ಅದರಲ್ಲಿ ತಪ್ಪೇನಿಲ್ಲ. ದಿನಾ ಆಫೀಸಿಗೆ ಬೈಕಿನಲ್ಲಿ ಹೋಗುವವರ ಬ್ಯಾಗಿಗೆ ನಾನು ಕ್ರೋಮನ್ನೇ ಹೇಳುತ್ತೇನೆ, ತೊಗಟೆ ಚರ್ಮದ ಮೇಲೆ ಎಷ್ಟೇ ಪ್ರೀತಿ ಇದ್ದರೂ.

ಕೈಯಲ್ಲಿ ಹೊಲಿಯುವವನಿಗೆ ಮಾತ್ರ ಇದು ಸ್ವಲ್ಪ ಸತಾಯಿಸುತ್ತದೆ. ಕತ್ತರಿಸುವಾಗ ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ. ಅಂಚು ಎಷ್ಟು ತಿಕ್ಕಿದರೂ ಮತ್ತೆ ನಾರು ಏಳುತ್ತದೆ. ಅಂಚಿಗೆ ಬಣ್ಣದ ಪದರ ಹಚ್ಚಬೇಕು, ಇಲ್ಲವೇ ಅಂಚನ್ನು ತೆಳುವಾಗಿ ಕೆರೆದು ಒಳಗೆ ಮಡಚಿ ಹೊಲಿಯಬೇಕು. ಕೆರೆಯುವ ಕೆಲಸಕ್ಕೆ ರಂಪಿಗೆ, ಅಂದರೆ ಚಪ್ಪಲಿ ಹೊಲಿಯುವವರ ಅಗಲ ಉಳಿ, ಹಿಡಿದು ಅಭ್ಯಾಸ ಇರಬೇಕು. ಮೊದಲ ಸಲ ಕೈ ಹಾಕಿದವರು ಚರ್ಮವನ್ನೂ ಬೆರಳನ್ನೂ ಒಟ್ಟಿಗೆ ತೆಳು ಮಾಡಿಕೊಳ್ಳುತ್ತಾರೆ.

ಕ್ರೋಮ್ ವಿಷ ಅಲ್ವಾ ಅಂತ ಕೇಳುವವರಿದ್ದಾರೆ. ಹದಕ್ಕೆ ಬಳಸುವ ಕ್ರೋಮಿಯಂ ಬೇರೆ, ಮೈಗೆ ಕೆಟ್ಟದ್ದು ಮಾಡುವ ಕ್ರೋಮಿಯಂ-6 ಅನ್ನುವ ರೂಪ ಬೇರೆ. ಹದ ಸರಿಯಾಗಿ ಆಗದಿದ್ದರೆ, ಮುಂದೆ ಸರಿಯಾಗಿ ಇಡದಿದ್ದರೆ ಮೊದಲನೆಯದು ಎರಡನೆಯದಾಗಬಹುದು. ಯುರೋಪಿನಲ್ಲಿ 2015ರಿಂದ ಮೈಗೆ ತಾಗುವ ಚರ್ಮದ ವಸ್ತುವಿನಲ್ಲಿ ಅದು ಕೆ.ಜಿ.ಗೆ 3 ಮಿ.ಗ್ರಾಂ ದಾಟಬಾರದು ಅಂತ ಕಟ್ಟಳೆ ಇದೆ. ರಫ್ತು ಮಾಡುವವರಿಂದ ಉಳಿದ ಮಾಲು ಕೊಂಡರೆ ಈ ಚಿಂತೆ ಕಡಿಮೆ. ವಾಚಿನ ಪಟ್ಟಿಯ ಹಾಗೆ ಮೈಗೆ ಸದಾ ಅಂಟಿಕೊಂಡಿರುವುದಕ್ಕೆ ನಾನು ತೊಗಟೆ ಚರ್ಮವನ್ನೇ ಹಾಕುತ್ತೇನೆ.

ಹಾಗಂತ ತೊಗಟೆ ಹದ ಅಂದರೆ ಶುದ್ಧ, ಕ್ರೋಮ್ ಅಂದರೆ ಪಾಪ ಅಂತ ಹೇಳಲು ಬರುವುದಿಲ್ಲ. ಉಪ್ಪು, ಸುಣ್ಣ, ಕೂದಲು ತೆಗೆಯುವ ಕೆಲಸ, ಬಿಂದಿಗೆಗಟ್ಟಲೆ ನೀರು ಎರಡಕ್ಕೂ ಬೇಕು. ಚರ್ಮ ಹದ ಮಾಡಿದ ಕೊಳೆನೀರು ಸೇರಿ ಕೆಟ್ಟ ಪಾಲಾರ್ ನದಿಯ ಗತಿ ನೋಡಿದವರಿಗೆ ಗೊತ್ತು. ವೆಲ್ಲೂರಿನ ನಾಗರಿಕರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ತೀರ್ಪು ದೇಶದ ಪರಿಸರ ಕಾನೂನಿಗೇ ದಾರಿ ಹಾಕಿತು. ಕೊಂಡದ್ದನ್ನು ಹತ್ತು ವರ್ಷ ಬಳಸುವುದು ಒಂದೇ ನಮ್ಮ ಕೈಯಲ್ಲಿರುವುದು.

ಪುಲ್ ಅಪ್, ಮೇಕೆ, ಎಮ್ಮೆ

ಪುಲ್ ಅಪ್ ಅಂದರೆ ಎಣ್ಣೆ, ಮೇಣ ತುಂಬಿದ ಚರ್ಮ. ಕೆಳಗಿನಿಂದ ಬೆರಳಿನಲ್ಲಿ ಒತ್ತಿದರೆ ಒತ್ತಿದ ಕಡೆ ಬಣ್ಣ ತಿಳಿಯಾಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಉಗುರಿನಲ್ಲಿ ಗೀರಿದರೆ ಗೀರು ಬೀಳುತ್ತದೆ, ಬೆರಳಿನಲ್ಲಿ ಉಜ್ಜಿದರೆ ಮಾಯ. ಹೊಸದರಲ್ಲೇ ಹಳೆಯದರ ಹಾಗೆ ಕಾಣುವುದರಿಂದ ಕಾಲೇಜು ಹುಡುಗರಿಗೆ ಇದು ಬಹಳ ಇಷ್ಟ. ಹೆಚ್ಚಿನದು ಕ್ರೋಮ್, ಅಥವಾ ಎರಡೂ ಹದ ಸೇರಿದ್ದು. ಮೊದಲ ಬ್ಯಾಗಿಗೆ ಇದು ಸುಲಭದ ಆಯ್ಕೆ: ತಪ್ಪು ಗೆರೆ ಎಳೆದರೂ, ಅಂಟು ಸ್ವಲ್ಪ ಸೋರಿದರೂ ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಬಿಳಿ ಅಂಗಿಗೆ ಬಣ್ಣ ಹತ್ತಬಹುದು, ಕೊಳ್ಳುವಾಗ ಬಿಳಿ ಕರವಸ್ತ್ರದಲ್ಲಿ ಉಜ್ಜಿ ನೋಡಿ.

ಮೇಕೆ ಚರ್ಮ ತೆಳುವಾದರೂ ಗಟ್ಟಿಗ. ಮೇಲೆ ಸಣ್ಣ ಸಣ್ಣ ಗುಳಿಯ ಮೇಲ್ಮೈ, ಗೀರು ಬಿದ್ದರೂ ಕಾಣುವುದಿಲ್ಲ. ಪರ್ಸಿಗೆ, ಬ್ಯಾಗಿನ ಒಳಜೇಬಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಇಡೀ ಚರ್ಮವೇ ನಾಲ್ಕೈದು ಚದರ ಅಡಿ. ಪೂರ್ತಿ ಕೊಂಡರೂ ಜೇಬಿಗೆ ಭಾರ ಆಗುವುದಿಲ್ಲ, ಮೊದಲ ಸಲದವರಿಗೆ ಅದೇ ಧೈರ್ಯ. ಬೆಲ್ಟು ಮಾತ್ರ ಆಗುವುದಿಲ್ಲ. ಅಷ್ಟು ಉದ್ದ ಸಿಗುವುದೂ ಇಲ್ಲ, ದಪ್ಪವೂ ಇಲ್ಲ. ಕುರಿಯದ್ದು ಇನ್ನೂ ಮೆತ್ತಗೆ, ಆದರೆ ಹರಿಯುತ್ತದೆ. ಅದನ್ನು ಜಾಕೆಟ್ಟಿನವರಿಗೆ ಬಿಡಿ.

ಎಮ್ಮೆಯದ್ದು ಒರಟು, ದಪ್ಪ, ಅಡಿ ಲೆಕ್ಕದಲ್ಲಿ ಹಸುವಿನದ್ದಕ್ಕಿಂತ ಅಗ್ಗ. ಬೆಲ್ಟಿಗೆ, ಚಪ್ಪಲಿ ಅಟ್ಟೆಗೆ, ಉಪಕರಣದ ಚೀಲಕ್ಕೆ ಒಳ್ಳೆಯದು. ಹೊಟ್ಟೆಯ ಭಾಗ ಮಾತ್ರ ಬೇಡ, ನಾರು ಸಡಿಲ, ಎರಡೇ ತಿಂಗಳಿಗೆ ಜೋತುಬೀಳುತ್ತದೆ.

ಕಲೆ ಇರುವ ಚರ್ಮ ತರಬಹುದಾ?

ಈ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ. ಯಾಕಂದರೆ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ನಮ್ಮ ದನಗಳು ಬಯಲಿನಲ್ಲಿ ಮೇಯುತ್ತವೆ. ಜಾಲಿ ಮುಳ್ಳು ಗೀರುತ್ತದೆ. ಉಣ್ಣೆ ಕಚ್ಚುತ್ತದೆ. ಕಾಯಿಲೆ ಬಂದರೆ ಹಳ್ಳಿಯಲ್ಲಿ ಬರೆ ಹಾಕುತ್ತಾರೆ. ಉಳುವ ಎತ್ತಿನ ಹೆಗಲು ನೊಗ ಹೊತ್ತು ಕಾಯಿಗಟ್ಟಿರುತ್ತದೆ. ಎಲ್ಲವೂ ಚರ್ಮದ ಮೇಲೆ ಉಳಿಯುತ್ತವೆ. ನನ್ನ ಹತ್ತಿರ ಒಂದು ತುಂಡು ಇತ್ತು. ಒಂದು ಬದಿಯಲ್ಲಿ ಎರಡು ಬೆರಳಗಲದ ಬರೆ, ಅಡ್ಡಕ್ಕೆ ಅರ್ಧಚಂದ್ರದ ಹಾಗೆ. ಅಂಗಡಿಯವರು ಅದನ್ನು ಡ್ಯಾಮೇಜ್ ಲೆಕ್ಕದಲ್ಲಿ ಕಡಿಮೆಗೆ ಕೊಟ್ಟರು. ಅದನ್ನೇ ಬ್ಯಾಗಿನ ಮುಚ್ಚಳದ ನಟ್ಟನಡುವೆ ಬರುವ ಹಾಗೆ ಕತ್ತರಿಸಿದೆ. ಬಸ್ಸಿನಲ್ಲಿ ಪಕ್ಕ ಕೂತ ಡೆಂಕಣಿಕೋಟೆಯ ಅಜ್ಜ ಒಬ್ಬರು ಬೆರಳಿನಲ್ಲಿ ಅದನ್ನು ಸವರಿ, "ಇದು ಬರೆ ಅಲ್ವೇನಪ್ಪ? ಪಕ್ಕೆ ನೋವಿಗೆ ಹಾಕಿದ್ದು ಇರಬೇಕು" ಅಂದರು.

ಕಾರ್ಖಾನೆಗಳಿಗೆ ನೂರು ಜೊತೆ ಶೂ ಒಂದೇ ಥರ ಬರಬೇಕು. ಅದಕ್ಕೆ ಕಲೆ ಇರುವ ಚರ್ಮದ ಮೇಲ್ಪದರವನ್ನು ಉಜ್ಜಿ ತೆಗೆದು, ಮೇಲೆ ಬಣ್ಣದ ಪದರ ಬಳಿದು, ಕೂದಲಿನ ಸುಳ್ಳು ರಂಧ್ರಗಳ ಅಚ್ಚು ಒತ್ತುತ್ತಾರೆ. ನೋಡಲು ನುಣುಪು. ಆದರೆ ಚರ್ಮದ ಒತ್ತಾದ ಸಣ್ಣ ನಾರು ಇರುವುದೇ ಆ ಮೇಲ್ಪದರದಲ್ಲಿ. ಒಂದೂ ಗುರುತಿಲ್ಲದ, ಎಲ್ಲ ಕಡೆ ಒಂದೇ ಥರ ರಂಧ್ರವಿರುವ ಚರ್ಮ ಕಂಡರೆ ಅನುಮಾನ ಪಡಿ. ನಿಜವಾದ ಮೇಲ್ಪದರದಲ್ಲಿ ಬೆನ್ನಿನ ಕಡೆ ರಂಧ್ರ ಒತ್ತಾಗಿ, ಹೊಟ್ಟೆಯ ಕಡೆ ಚೆದುರಿ ಇರುತ್ತವೆ. ಕುತ್ತಿಗೆಯಲ್ಲಿ ಗೆರೆಗಳು ಇದ್ದೇ ಇರುತ್ತವೆ.

ಎಲ್ಲ ಕಲೆಯೂ ಚೆಂದ ಅಂತ ಅಲ್ಲ. ಮಾಗಿದ ಗಾಯ, ಗೀರು, ಗೆರೆ, ಉಣ್ಣೆ ಚುಕ್ಕಿ ಪರವಾಗಿಲ್ಲ. ತಿರುಗಿಸಿ ಒಳಮೈ ನೋಡಿ. ಚರ್ಮ ಸುಲಿಯುವಾಗ ಚೂರಿ ತಾಗಿದ ಕಚ್ಚು ಇದ್ದರೆ ಆ ಭಾಗ ಬೆಲ್ಟಿಗೂ ಬ್ಯಾಗಿನ ಪಟ್ಟಿಗೂ ಬೇಡ, ಎಳೆತಕ್ಕೆ ಅಲ್ಲೇ ಹರಿಯುತ್ತದೆ. ಬೆಳಕಿಗೆ ಹಿಡಿದಾಗ ಸೂಜಿ ತೂತಿನಂತೆ ಬೆಳಕು ಬಂದರೂ ಬೇಡ. ಬರೆಯ ಮೇಲೆ ಮಡಿಕೆ ಬರುವ ಹಾಗೆ ಕತ್ತರಿಸಬೇಡಿ, ಅಲ್ಲಿ ಚರ್ಮ ಬಿರುಸು, ಮಡಚಿದರೆ ಸೀಳುತ್ತದೆ.

ಚರ್ಮದ ಹೆಸರಲ್ಲಿ ಮಾರುವ ಉಳಿದವು

ಸ್ಪ್ಲಿಟ್ ಅಂದರೆ ಕೆಳಪದರ. ಒಳಗಿನ ಪಟ್ಟಿಗೆ, ಕೆಲಸದ ಗ್ಲೌಸಿಗೆ ಸರಿ. ಬಾಂಡೆಡ್ ಅಂದರೆ ಚರ್ಮದ ಪುಡಿಗೆ ಅಂಟು ಸೇರಿಸಿ ಒತ್ತಿದ್ದು, ಕೊಳ್ಳಲೇಬೇಡಿ. ವೀಗನ್ ಲೆದರ್ ಅಂತ ಬರುವುದು ಹೆಚ್ಚಾಗಿ ನಮ್ಮ ಹಳೇ ರೆಕ್ಸಿನ್ನಿನ ಮೊಮ್ಮಗ. ಪ್ರಾಣಿಯ ಚರ್ಮ ಬೇಡ ಅನ್ನುವವರಿಗೆ ದಪ್ಪ ಕ್ಯಾನ್ವಾಸ್ ಎಷ್ಟೋ ಮೇಲು. "ಜೆನ್ಯೂನ್ ಲೆದರ್" ಅನ್ನುವ ಮುದ್ರೆಗೆ ಮರುಳಾಗಿ ನಾನೂ ಒಮ್ಮೆ ಒಂದು ದೊಡ್ಡ ಅಂಗಡಿಯಲ್ಲಿ ಬೆಲ್ಟು ಕೊಂಡೆ. ಎಂಟನೇ ತಿಂಗಳಿಗೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಬಿಟ್ಟಿತು. ಬಸ್ ನಿಲ್ದಾಣದ ಅಣ್ಣನಿಗೆ ತೋರಿಸಿದೆ. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ಸಿಪ್ಪೆ ಸುಲಿದ ಹಾಗೆ ಸುಲಿದರು. ನಡುವೆ ರಟ್ಟಿನಂಥದ್ದು ಬಂತು. "ಇದನ್ನ ಹೊಲಿಯೋಕೆ ದಾರ ದಂಡ, ಬಿಸಾಕಿ ಸಾರ್" ಅಂದರು.

ಯಾರಿಗೆ ಯಾವುದು

ಪೂರ್ತಿ ಹೊಸಬರು, ದುಡ್ಡು ಹಾಕಲು ಭಯ ಅನ್ನುವವರು ಕೆ.ಜಿ. ಲೆಕ್ಕದಲ್ಲಿ ಸಿಗುವ ತುಂಡು ತನ್ನಿ. ಕಾರ್ಖಾನೆಯಲ್ಲಿ ಉಳಿದದ್ದು, ಅಂಗೈಯಿಂದ ಮೊಳದಷ್ಟು ಗಾತ್ರ. ಕೀಲಿ ಪಟ್ಟಿ, ಕಾರ್ಡ್ ಚೀಲ ಮಾಡಿ ಕೈ ಪಳಗಲಿ. ಎರಡು ಸೂಜಿ, ಒಂದು ದಾರ, ಎರಡೂ ಸೂಜಿ ಒಂದೇ ತೂತಿನಲ್ಲಿ ಎದುರುಬದುರು ಹಾಯಬೇಕು. ಹೊಲಿಗೆಯ ಉದ್ದದ ನಾಲ್ಕರಷ್ಟು ದಾರ ತೆಗೆದುಕೊಳ್ಳಿ. ಹೀಗೆ ಹೊಲಿದದ್ದರಲ್ಲಿ ಒಂದು ಕಡೆ ದಾರ ಕಡಿದರೂ ಮಷೀನ್ ಹೊಲಿಗೆಯ ಹಾಗೆ ಸರಸರನೆ ಬಿಚ್ಚಿಕೊಳ್ಳುವುದಿಲ್ಲ.

ಪರ್ಸಿಗೆ ಒಂದು ಮೇಕೆ ಚರ್ಮ ಸಾಕು, ತೊಗಟೆಯಲ್ಲಿ ಹದವಾದದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಪರ್ಸಿಗೆ ಒಂದು ಚದರ ಅಡಿಯೂ ಬೇಡ. ಒಂದೇ ಚರ್ಮದಲ್ಲಿ ಮೂರು ಮಾಡಬಹುದು. ಮೊದಲನೆಯದು ನಿಮಗೆ, ಮೂರನೆಯದು ಬೇರೆಯವರಿಗೆ ಕೊಡುವ ಮಟ್ಟಕ್ಕೆ ಬಂದಿರುತ್ತದೆ.

ಬೆಲ್ಟಿನ ಲೆಕ್ಕ ಮೋಸ ಮಾಡುತ್ತದೆ. 4 ಸೆಂ.ಮೀ. ಅಗಲ, 110 ಸೆಂ.ಮೀ. ಉದ್ದ ಅಂದರೆ 440 ಚದರ ಸೆಂ.ಮೀ., ಅರ್ಧ ಚದರ ಅಡಿಗೂ ಕಡಿಮೆ. ಆದರೆ ಆ ಉದ್ದದ ಪಟ್ಟಿ ಬೆನ್ನುಮೂಳೆಯ ಪಕ್ಕದಿಂದಲೇ ಬರಬೇಕು, ಇಲ್ಲದಿದ್ದರೆ ಎಳೆದುಕೊಂಡು ಸೊಟ್ಟ ಆಗುತ್ತದೆ. ಒಂದು ಬೆಲ್ಟಿಗೆ ಇಡೀ ಚರ್ಮ ಕೊಳ್ಳುವುದು ದಂಡ. ಕೆಲವರು ಕತ್ತರಿಸಿದ ಪಟ್ಟಿಯನ್ನೇ ಮಾರುತ್ತಾರೆ, ಅದನ್ನು ಕೇಳಿ. ಇಲ್ಲವೇ ನಾಲ್ಕು ಜನ ಸೇರಿ ಒಂದು ಚರ್ಮ ತನ್ನಿ. ಚರ್ಮ ಯಾವುದು ಅಂದರೆ 3.5 ಮಿ.ಮೀ. ತೊಗಟೆ ಹದದ್ದು, ಹಸುವೋ ಎಮ್ಮೆಯೋ ನಿಮ್ಮಿಷ್ಟ. ಇಲ್ಲಿ ಕ್ರೋಮಿನ ಮಾತೇ ಬೇಡ, ಎಳೆದುಕೊಳ್ಳುತ್ತದೆ.

ಲ್ಯಾಪ್‌ಟಾಪ್ ಬ್ಯಾಗಿಗೆ ಮುಂದೆ, ಹಿಂದೆ, ಬದಿ, ಮುಚ್ಚಳ, ಜೇಬು, ಪಟ್ಟಿ ಎಲ್ಲ ಸೇರಿ ಸುಮಾರು ಆರೂವರೆ ಚದರ ಅಡಿ. ಚೂರು ಹೋಗುವುದು ಸೇರಿಸಿ ಒಂಬತ್ತು ಅಡಿ ಕೊಳ್ಳಿ. 2 ಮಿ.ಮೀ. ಚರ್ಮದಲ್ಲಿ ಮಾಡಿದರೆ ಬರೀ ಚರ್ಮವೇ ಒಂದು ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ, 1.2ರಲ್ಲಾದರೆ 650–700 ಗ್ರಾಂ. ಬಸ್ಸಿನಲ್ಲಿ ನಿಂತು ಬೆಂಗಳೂರಿಗೆ ಹೋಗಿ ಬರುವವರ ಭುಜಕ್ಕೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಅಂಥವರಿಗೆ ತೆಳು ಕ್ರೋಮ್, ಒಳಗೆ ಬಟ್ಟೆ. ಮಳೆಗೆ ಸಿಗುವವರಿಗೆ ಪುಲ್ ಅಪ್. ಹತ್ತು ವರ್ಷ ಇಟ್ಟುಕೊಂಡು ಮಗಳಿಗೆ ಕೊಡುತ್ತೇನೆ ಅನ್ನುವವರಿಗೆ, ಆರೈಕೆಗೆ ಪುರುಸೊತ್ತೂ ಇದ್ದರೆ, ತೊಗಟೆ ಚರ್ಮ. ದುಡ್ಡು ಕಡಿಮೆ ಇದ್ದು ತೊಗಟೆ ಚರ್ಮವೇ ಬೇಕು ಅನ್ನಿಸಿದರೆ ಮುಚ್ಚಳ, ಪಟ್ಟಿ ಮಾತ್ರ ಅದರಲ್ಲಿ ಮಾಡಿ, ಉಳಿದದ್ದು ಕ್ಯಾನ್ವಾಸ್. ನಾನು ದಿನಾ ಹೊರುವುದು ಅಂಥದ್ದನ್ನೇ.

ಕಾಸರಗೋಡು, ಮಂಗಳೂರು ಕಡೆ ಇರುವವರು ಒಂದು ಸಲ ಜಾಸ್ತಿ ಯೋಚಿಸಿ. ಅಲ್ಲಿನ ಮಳೆಗಾಲದಲ್ಲಿ ತೊಗಟೆ ಚರ್ಮಕ್ಕೆ ಬೂಸ್ಟು ಬೇಗ ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೀರುವಿನಲ್ಲಿ ಇಟ್ಟರಂತೂ ಮುಗಿಯಿತು. ಹತ್ತಿ ಚೀಲದಲ್ಲಿ ಹಾಕಿ ಗಾಳಿ ಆಡುವ ಕಡೆ ತೂಗುಹಾಕಿ. ಕೊಬ್ಬರಿ ಎಣ್ಣೆ ಸುರಿದು ಅಭ್ಯಂಜನ ಮಾಡಿಸುವವರಿದ್ದಾರೆ, ಬೇಡ. ಜಾಸ್ತಿ ಎಣ್ಣೆಯಾದರೆ ಚರ್ಮ ಜೋಲಾಗುತ್ತದೆ, ಕಮಟು ವಾಸನೆಯೂ ಬರುತ್ತದೆ. ವರ್ಷಕ್ಕೆ ಎರಡು ಸಲ ಬಟ್ಟೆಯಲ್ಲಿ ತೆಳುವಾಗಿ ಮೇಣ ಸವರಿದರೆ ಸಾಕು.

ಅಂಗಡಿಗೆ ಹೋಗುವ ದಿನ

ಜೇಬಿನಲ್ಲಿ ಒಂದು ಟೇಪು, ಒಂದು ಕಬ್ಬಿಣದ ಮೊಳೆ, ಬಿಳಿ ಕರವಸ್ತ್ರ ಇರಲಿ. ವೆಜ್ ಟ್ಯಾನ್ ಅಂತ ಹೇಳಿ ಕೊಟ್ಟದ್ದರ ಮೂಲೆಗೆ, ಅಂಗಡಿಯವರನ್ನು ಕೇಳಿಕೊಂಡು, ಒದ್ದೆ ಮೊಳೆ ಒತ್ತಿ ಹತ್ತು ನಿಮಿಷ ಬಿಡಿ. ಕಪ್ಪು ಚುಕ್ಕಿ ಬಿದ್ದರೆ ಅದರಲ್ಲಿ ತೊಗಟೆ ಇದೆ. ಕತ್ತರಿಸಿದ ಅಂಚಿನ ನಡುವೆ ನೀಲಿ, ಬೂದು ಛಾಯೆ ಕಂಡರೆ ಕ್ರೋಮ್. ಇನ್ನೂ ಅನುಮಾನ ಇದ್ದರೆ ಚೂರೊಂದನ್ನು ಮನೆಗೆ ತಂದು ಕುದಿಯುವ ನೀರಿಗೆ ಹಾಕಿ. ತೊಗಟೆ ಚರ್ಮ ಒಂದೇ ನಿಮಿಷದಲ್ಲಿ ಮುದುಡಿ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಕ್ರೋಮ್ ಹಾಗೇ ಇರುತ್ತದೆ. ಅಡುಗೆ ಪಾತ್ರೆ ಬಳಸಬೇಡಿ. ನಮ್ಮ ಮನೆಯಲ್ಲಿ ಆ ವಿಷಯ ಇನ್ನೂ ತಣ್ಣಗಾಗಿಲ್ಲ.

ಶುಕ್ರವಾರ ಮಧ್ಯಾಹ್ನ ಬೇಡ, ನಮಾಜಿನ ಹೊತ್ತಿಗೆ ಹಲವು ಕಡೆ ಬಾಗಿಲು ಹಾಕಿರುತ್ತಾರೆ. ಆಂಬೂರಿಗೆ ಹೋದಮೇಲೆ ಬಿರಿಯಾನಿ ತಿನ್ನದೆ ಬರುವವರು ಕಡಿಮೆ. ತಿನ್ನುವುದಿದ್ದರೆ ಚರ್ಮ ಕೊಳ್ಳುವ ಮೊದಲೇ ತಿಂದು, ಕೈ ಸೋಪಿನಲ್ಲಿ ತೊಳೆದು ಅಂಗಡಿಗೆ ಹೋಗಿ. ನಾನು ಮೊದಲು ಕೊಂಡು ಆಮೇಲೆ ಹೋಟೆಲಿನಲ್ಲಿ ಸುರುಳಿಯನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಕೂತಿದ್ದೆ. ಬಿರಿಯಾನಿ ಜೊತೆ ಕೊಡುವ ಬದನೆಕಾಯಿ ಗೊಜ್ಜಿನ ಎಣ್ಣೆ ನಾಲ್ಕು ಹನಿ ಅದರ ಮೇಲೆ ಬಿತ್ತು. ಆ ತುಂಡನ್ನು ಒಳಜೇಬಿಗೆ ಹಾಕಿ ಹೊಲಿದಿದ್ದೇನೆ, ನೋಟು ತೆಗೆಯುವಾಗೆಲ್ಲ ಕಾಣುತ್ತದೆ.